ಕ್ಯಾರವಾನ್‌ನ ಸ್ಲೈಡ್-ಔಟ್ ಓರೆಯಾಗಿ ಸಿಕ್ಕಿಕೊಳ್ಳುತ್ತಿದ್ದರೆ

ನಮ್ಮ ಕ್ಯಾರವಾನ್‌ನ ಸ್ಲೈಡ್-ಔಟ್ ಕೋಣೆ (ಗಾಡಿ ನಿಂತಾಗ ಬದಿಯಿಂದ ಹೊರಗೆ ಸರಿಯುವ ಭಾಗ) ಒಳಗೆ ಬರುವಾಗ ಒಂದು ತುದಿ ಹಿಂದೆ ಉಳಿದು ಅರ್ಧಕ್ಕೇ ನಿಲ್ಲುತ್ತಿತ್ತು. ಬೆಳಗಾವಿ ಮಳೆಗೆ ಆ ಸಂದಿಯಿಂದ ನೀರು ಬೇರೆ. ಹಳಿಗೆ ಸಿಲಿಕಾನ್ ಸ್ಪ್ರೇ ಹೊಡೆದೆ, ರಬ್ಬರ್ ಸೀಲ್ ಬದಲಿಸಿದೆ, ಫ್ಯೂಸ್ ನೋಡಿದೆ. ಯಾವುದೂ ಆಗಲಿಲ್ಲ.

ಇದು ಎರಡೂ ಬದಿಗೆ ಬೇರೆ ಬೇರೆ ಮೋಟರ್ ಇರುವ ಮಾದರಿ. ಅವೆರಡರ ಹೊಂದಾಣಿಕೆ ತಪ್ಪಿದರೆ ಕೋಣೆ ಓರೆಯಾಗುತ್ತದೆ. ಮೊದಲು ಗಾಡಿಯನ್ನು ಮಟ್ಟವಾಗಿ ನಿಲ್ಲಿಸಿ, ಬ್ಯಾಟರಿ 12.6 ವೋಲ್ಟ್ ತೋರಿಸುವ ತನಕ ಚಾರ್ಜ್ ಮಾಡಿ. ಚಾರ್ಜ್ ಕಡಿಮೆಯಿದ್ದರೆ ಮುಂದಿನದೆಲ್ಲ ಸುಮ್ನೆ. ಆಮೇಲೆ ಕೋಣೆಯನ್ನು ಪೂರ್ತಿ ಹೊರಗೆ ತನ್ನಿ. ಅದು ನಿಂತ ಮೇಲೂ ಬಟನ್ ಬಿಡಬೇಡಿ, ಎರಡೂ ಮೋಟರ್ ತಾವಾಗಿ ಬಂದ್ ಆಗಲಿ. ಒಂದೆರಡು ಇಂಚು ಒಳಗೆಳೆದು, ಮತ್ತೆ ಪೂರ್ತಿ ಹೊರಗೆ ಬಿಟ್ಟು, ಬಟನ್ ಒತ್ತಿ ಹಿಡಿಯಿರಿ. ಎರಡೂ ತುದಿ ಸಮ ಬರುವ ತನಕ ಹೀಗೇ ಮಾಡಿ. ಕೊನೆಗೆ ನಡುವೆ ನಿಲ್ಲಿಸದೆ ಪೂರ್ತಿ ಒಳಗೆ ತನ್ನಿ. ಅಲ್ಲೂ ಮೋಟರ್ ಬಂದ್ ಆಗುವವರೆಗೆ ಬಟನ್ ಹಿಡಿದಿರಬೇಕು.