ಉಚಿತವಾಗಿ ಬಿಟ್ಟ ಹಾಡು ನಮ್ಮ ವಿಳಾಸ ಹೊತ್ತುಕೊಂಡು ಹೋಗಲಿ

ಸಿನಿಮಾದ ಹಂಗಿಲ್ಲದೆ ಸ್ವಂತ ಕನ್ನಡ ಹಾಡು ಕಟ್ಟುವ ನಾಲ್ಕೈದು ಜನರ ಬ್ಯಾಂಡಿಗೆ ಉಚಿತ ಡೌನ್‌ಲೋಡ್‌ನಿಂದ ಎರಡು ಥರದ ನಷ್ಟ. ಸಿ.ಡಿ. ಮಾರಿ ಸ್ಟುಡಿಯೊ ಬಾಡಿಗೆ, ಮಿಕ್ಸಿಂಗ್ ಖರ್ಚು, ಕೊಳಲು ನುಡಿಸಲು ಬಂದವರ ಸಂಭಾವನೆ ತೀರಿಸುತ್ತಿದ್ದ ದಾರಿ ಮುಚ್ಚಿದ್ದು ಮೊದಲನೆಯದು. ಆ ದಾರಿ ಮತ್ತೆ ತೆರೆಯುವುದಿಲ್ಲ. ಎರಡನೆಯದು ಕಣ್ಣಿಗೆ ಕಾಣದ್ದು: ಹಾಡು ಹೆಸರಿಲ್ಲದೆ ಊರೂರು ತಿರುಗುತ್ತದೆ. ಬಸ್ ನಿಲ್ದಾಣದ ಪಕ್ಕದ ಮೊಬೈಲ್ ಅಂಗಡಿಯವರು ಮೆಮೊರಿ ಕಾರ್ಡಿಗೆ ತುಂಬಿಸಿಕೊಡುವ ಸಾವಿರ ಹಾಡುಗಳ ನಡುವೆ ನಮ್ಮದು ‘ಟ್ರ್ಯಾಕ್ 03’ ಆಗಿ ಕೂತಿರುತ್ತದೆ. ಕೇಳಿದವರಿಗೆ ಇಷ್ಟವಾದರೂ ಯಾರದು, ಎಲ್ಲಿ ಸಿಗುತ್ತಾರೆ ಎಂದು ಗೊತ್ತಾಗುವುದಿಲ್ಲ. ನಾವು ಕೆಲಸ ಮಾಡಿದ್ದು ಈ ಎರಡನೇ ನಷ್ಟದ ಮೇಲೆ.

1999ರಲ್ಲಿ ಜನ ತಮ್ಮತಮ್ಮಲ್ಲೇ ಹಾಡು ಪುಕ್ಕಟೆ ಹಂಚಿಕೊಳ್ಳುವ ತಾಣ ನ್ಯಾಪ್‌ಸ್ಟರ್ ಬಂದು 2001ರಲ್ಲಿ ಮುಚ್ಚಿದಾಗಿನಿಂದಲೂ ಉಚಿತ ಹಂಚಿಕೆ ಸರಿಯೋ ತಪ್ಪೋ ಎಂಬ ವಾದ ದೊಡ್ಡ ಕಂಪನಿಗಳ ಲೆಕ್ಕದಲ್ಲೇ ನಡೆದಿದೆ. 2007ರಲ್ಲಿ ಇಂಗ್ಲೆಂಡಿನ ಹೆಸರಾಂತ ರಾಕ್ ಬ್ಯಾಂಡ್ ರೇಡಿಯೊಹೆಡ್ ತನ್ನ ಆಲ್ಬಮ್ಮನ್ನು ‘ನಿಮಗೆ ತೋಚಿದಷ್ಟು ಕೊಡಿ’ ಎಂದು ಬಿಟ್ಟಿದ್ದನ್ನು ಈಗಲೂ ಉದಾಹರಣೆಯಾಗಿ ಹೇಳುತ್ತಾರೆ. ಅವರನ್ನು ಹುಡುಕಿಕೊಂಡು ಬರುವ ಜನ ಆಗಲೇ ಲಕ್ಷಗಟ್ಟಲೆ ಇದ್ದರು. ನಮ್ಮನ್ನು ಹುಡುಕುವವರನ್ನು ನಾವೇ ಒಬ್ಬೊಬ್ಬರನ್ನಾಗಿ ಸೇರಿಸಿಕೊಳ್ಳಬೇಕು, ಹಾಗಾಗಿ ಆ ಲೆಕ್ಕ ನಮಗೆ ಹೊಂದುವುದಿಲ್ಲ.

ಸ್ಟ್ರೀಮಿಂಗ್‌ನಲ್ಲೇ ದುಡ್ಡು ಬರುತ್ತದಲ್ಲ, ಉಚಿತವಾಗಿ ಯಾಕೆ ಕೊಡಬೇಕು ಎಂದು ಕೇಳುವವರಿದ್ದಾರೆ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಓಡದಿದ್ದರೆ ಅದಕ್ಕೆ ರಾಯಲ್ಟಿಯೇ ಇಲ್ಲ. ಈ ಲೆಕ್ಕ ಹಾಡು ಹಾಡಿಗೂ ಬೇರೆ. ಎಂಟು ಹಾಡಿನ ಆಲ್ಬಮ್‌ನಲ್ಲಿ ಒಂದು ಓಡಿ ಏಳು ಓಡದಿದ್ದರೆ, ಆ ಏಳು ಹಾಡು ಉಚಿತವಾಗಿ ಕೊಟ್ಟಂತೆಯೇ. ಮೇಲಾಗಿ ಕೇಳಿದವರ ಹೆಸರು, ಊರು, ಇಮೇಲ್ ಯಾವುದೂ ನಮ್ಮ ಕೈಗೆ ಬರುವುದಿಲ್ಲ. ನಾವೇ ಕೊಟ್ಟ ಉಚಿತ ಡೌನ್‌ಲೋಡ್‌ನಲ್ಲಿ ಕನಿಷ್ಠ ಒಂದು ಇಮೇಲ್ ಸಿಗುತ್ತದೆ. ಮುಂದಿನ ಕಾರ್ಯಕ್ರಮಕ್ಕೆ ಕರೆಯಲು ನಮಗೆ ಬೇಕಾದದ್ದು ಅದೇ.

ಆದರೂ ಆಲ್ಬಮ್ಮನ್ನು ಪೂರ್ತಿ ಉಚಿತ ಮಾಡಬೇಡಿ. ಎಂಟರಲ್ಲಿ ಎರಡು ಸಾಕು: ವೇದಿಕೆಯ ಮೇಲೆ ಜನ ಜೊತೆಗೂಡಿ ಹಾಡುವುದೊಂದು, ಬ್ಯಾಂಡಿನ ನಿಜವಾದ ಬಣ್ಣ ತೋರಿಸುವುದೊಂದು.

ಬಿಡುವ ಕ್ರಮದಲ್ಲಿ ತಪ್ಪಿದರೆ ಮಾತ್ರ ಪೆಟ್ಟು ಜೋರು. ಹಲವರು ಉತ್ಸಾಹದಲ್ಲಿ ಮೊದಲು ಉಚಿತ ಫೈಲ್ ಹಂಚಿ, ಆಮೇಲೆ ನಿಧಾನವಾಗಿ ಡಿಸ್ಟ್ರಿಬ್ಯೂಟರ್ (ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಕಂಪನಿ) ಮೂಲಕ ಸ್ಟ್ರೀಮಿಂಗ್‌ಗೆ ಹಾಕುತ್ತಾರೆ. ಅಷ್ಟರಲ್ಲಿ ಗುರುತಿಲ್ಲದವರು ಯಾರೋ ಅದೇ ಫೈಲನ್ನು ತಮ್ಮ ಹೆಸರಿನಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಕೊಟ್ಟು ಯೂಟ್ಯೂಬ್‌ನ ಕಂಟೆಂಟ್ ಐಡಿಯಲ್ಲಿ (ವಿಡಿಯೊದಲ್ಲಿರುವ ಹಾಡು ಯಾರದೆಂದು ತಾನೇ ಗುರುತು ಹಿಡಿಯುವ ವ್ಯವಸ್ಥೆ) ನೋಂದಾಯಿಸಿಬಿಟ್ಟರೆ, ನಮ್ಮ ಸ್ವಂತ ವಿಡಿಯೊ ಮೇಲೆಯೇ ಹಕ್ಕಿನ ಕ್ಲೇಮ್ ಬರುತ್ತದೆ. ಬಿಡಿಸಿಕೊಳ್ಳಬಹುದು, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಅದಕ್ಕೆ ಬಿಡುಗಡೆಗೆ ನಾಲ್ಕು ವಾರ ಮೊದಲೇ ಡಿಸ್ಟ್ರಿಬ್ಯೂಟರ್‌ಗೆ ಫೈಲ್ ಕೊಟ್ಟಿರುತ್ತೇವೆ. (ಸ್ಪಾಟಿಫೈನ ಪ್ಲೇಲಿಸ್ಟ್ ಸಂಪಾದಕರಿಗೆ ಕೋರಿಕೆಯನ್ನು ಬಿಡುಗಡೆಗೆ ಕನಿಷ್ಠ ಏಳು ದಿನ ಮೊದಲು ಕಳಿಸುವುದು ಒಳ್ಳೆಯದು.) ಉಚಿತ ಫೈಲ್ ಹೊರಡುವುದು ಸ್ಟ್ರೀಮಿಂಗ್ ತೆರೆದ ದಿನವೇ, ಒಂದು ಗಂಟೆ ಮೊದಲೂ ಅಲ್ಲ. ರೆಕಾರ್ಡಿಂಗ್‌ನ ಮೂಲ ಸೆಷನ್ ಫೈಲುಗಳನ್ನು ತಾರೀಕು ಸಮೇತ ಎರಡು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿರುತ್ತೇವೆ. ಜಗಳ ಬಂದಾಗ ದನಿ, ವಾದ್ಯಗಳ ಬಿಡಿ ಬಿಡಿ ಟ್ರ್ಯಾಕ್ ತೋರಿಸಬಲ್ಲವರು ಹಾಡಿದವರೇ ಹೊರತು ಕದ್ದವರಲ್ಲ.

ಕಂಟೆಂಟ್ ಐಡಿ ನಾವು ಹಾಕಿಸುವುದಾದರೂ ಒಂದು ಎಚ್ಚರ ಬೇಕು. ಆ್ಯಪ್‌ನ ತಂಬೂರಿ ಶ್ರುತಿಯನ್ನೋ ರೆಡಿಮೇಡ್ ತಾಳದ ಲೂಪನ್ನೋ ಹಾಗೆಯೇ ಬಳಸಿದ ಹಾಡನ್ನು ಅದಕ್ಕೆ ಕೊಡಬಾರದು. ಅದೇ ಶ್ರುತಿ ನೂರಾರು ಜನರ ಹಾಡಿನಲ್ಲಿ ಇರುತ್ತದೆ, ಸಂಬಂಧವೇ ಇಲ್ಲದವರ ವಿಡಿಯೊಗಳಿಗೆ ನಮ್ಮ ಹೆಸರಿನ ಕ್ಲೇಮ್ ಹೋಗುತ್ತದೆ. ನಿಜವಾದ ತಂಬೂರಿಯನ್ನೇ ಹತ್ತು ನಿಮಿಷ ರೆಕಾರ್ಡ್ ಮಾಡಿಕೊಂಡರೆ ಆ ತಲೆನೋವಿಲ್ಲ, ಕಿವಿಗೂ ಹಿತ.

ಇನ್ನು ಫೈಲ್. ಮಾಸ್ಟರ್ (ಅಂತಿಮ ಮೂಲ ಫೈಲ್) 24 ಬಿಟ್ ವೇವ್ ಇರಲಿ, ಟ್ರೂ ಪೀಕ್ (ದನಿ ಏರುವ ಗರಿಷ್ಠ ಮಟ್ಟ) ಮೈನಸ್ 1 ಡೆಸಿಬಲ್ ದಾಟದಿರಲಿ. ಎಂಪಿ3 ಮಾಡುವಾಗ ಪೀಕ್ ಸ್ವಲ್ಪ ಮೇಲೇರುತ್ತದೆ. ಮಾಸ್ಟರನ್ನು ಮೈನಸ್ 0.1ಕ್ಕೆ ಒತ್ತಿಬಿಟ್ಟಿದ್ದರೆ ಅದು ಅಲ್ಲೇ ಒಡೆದು, ಫೋನಿನ ಸ್ಪೀಕರಿನಲ್ಲಿ ತಮಟೆಯ ಪೆಟ್ಟು ‘ಚರ್’ ಅನ್ನುತ್ತದೆ. ಉಚಿತ ಫೈಲನ್ನು ಎಂಪಿ3ಯ ಅತಿ ಹೆಚ್ಚಿನ ಗುಣಮಟ್ಟವಾದ 320 ಕೆಬಿಪಿಎಸ್‌ನಲ್ಲೇ ಕೊಡಿ. ನಾಲ್ಕು ನಿಮಿಷದ ಹಾಡು 9.6 ಎಂಬಿ ಆಗುತ್ತದೆ, ವಾಟ್ಸ್ಆ್ಯಪ್‌ನಲ್ಲಿ ಸಲೀಸಾಗಿ ಹೋಗುತ್ತದೆ. ಉಚಿತ ಎಂದು ಕಳಪೆ ಮಾಡಿ ಕೊಡುವುದು ಮೂರ್ಖತನ. ನಾವು ಚೆನ್ನಾಗಿರುವುದನ್ನು ಕೊಡದಿದ್ದರೆ ಯೂಟ್ಯೂಬ್‌ನಿಂದ ಎಳೆದ 128ರ ನಕಲು ಆ ಜಾಗ ಹಿಡಿಯುತ್ತದೆ. ಅದರಲ್ಲಿ ಕಂಸಾಳೆಯ ನಾದ ನೀರಿನೊಳಗೆ ಅದ್ದಿ ತೆಗೆದ ಹಾಗೆ ಕೇಳುತ್ತದೆ, ಜನ ಅದನ್ನೇ ನಮ್ಮ ರೆಕಾರ್ಡಿಂಗ್ ಅಂದುಕೊಳ್ಳುತ್ತಾರೆ.

ಊರಲ್ಲಿ ಓಡಾಡುತ್ತಿರುವ ಫೈಲ್ ಯಾವುದೆಂದು ತಿಳಿಯಲು ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು ನೋಡಿ. ದನಿಯ ಕಂಪನಾಂಕ ತೋರಿಸುವ ಬಣ್ಣದ ಚಿತ್ರ 20 ಕಿಲೋಹರ್ಟ್ಸ್ ಹತ್ತಿರದವರೆಗೆ ಏರಿದ್ದರೆ ಅದು ನಮ್ಮ 320ರ ಫೈಲ್ ಇರಬಹುದು. 16ರ ಬಳಿ ಕತ್ತರಿಸಿದ ಹಾಗೆ ನಿಂತಿದ್ದರೆ ಕಡಿಮೆ ಗುಣಮಟ್ಟದಿಂದ ಬಂದ ನಕಲು, ಮೇಲೆ 320 ಎಂದು ಬರೆದಿದ್ದರೂ ಅಷ್ಟೆ. ಬಿಡುಗಡೆಗೆ ಮೊದಲು ಪತ್ರಕರ್ತರಿಗೋ ರೇಡಿಯೊದವರಿಗೋ ಹಾಡು ಕಳಿಸುವಾಗ ಒಬ್ಬೊಬ್ಬರ ಫೈಲಿನ ಕೊನೆಯ ಮೌನವನ್ನು ಬೇರೆ ಬೇರೆ ಅಳತೆಗೆ ಇಡುತ್ತೇವೆ: ಒಬ್ಬರಿಗೆ 1 ಸೆಕೆಂಡ್, ಇನ್ನೊಬ್ಬರಿಗೆ 1.2, ಮತ್ತೊಬ್ಬರಿಗೆ 1.4. ಸೋರಿದರೆ ಎಲ್ಲಿಂದ ಎಂದು ಗೊತ್ತಾಗುತ್ತದೆ.

ಟ್ಯಾಗ್ (ಫೈಲಿನೊಳಗೇ ಕೂರುವ ಹಾಡಿನ ಹೆಸರು, ಬ್ಯಾಂಡಿನ ಹೆಸರು ಮುಂತಾದ ವಿವರ) ಬರೆಯುವ ಕೆಲಸವನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ, ಆದರೆ ಹಾಡಿನ ವಿಳಾಸ ಇರುವುದು ಅಲ್ಲಿಯೇ. ಎಂಪಿ3ಟ್ಯಾಗ್ ತಂತ್ರಾಂಶದಲ್ಲಿ ಐಡಿ3 ಆವೃತ್ತಿ 2.3, ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ಆವೃತ್ತಿ 1ರಲ್ಲಿ ಕನ್ನಡ ನಿಲ್ಲುವುದೇ ಇಲ್ಲ. ಕಾರಿನ ಹಳೆಯ ಡೆಕ್, ಟ್ರ್ಯಾಕ್ಟರಿನ ಡೆಕ್‌ಗಳಲ್ಲಿ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಯೋ ಚೌಕವೋ ಬರುತ್ತದೆ. ಹಾಗಾಗಿ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಹಾಡಿನ ಹೆಸರು ಎರಡೂ ಲಿಪಿಯಲ್ಲಿ, ಬ್ಯಾಂಡಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಕಾಗುಣಿತದಲ್ಲಿ. ಈ ‘ಒಂದೇ’ ಎಂಬುದನ್ನು ಒತ್ತಿ ಹೇಳುತ್ತೇನೆ. ದೀರ್ಘಕ್ಕೆ ಒಮ್ಮೆ ಒಂದು ‘ಎ’, ಇನ್ನೊಮ್ಮೆ ಎರಡು ‘ಎ’ ಹಾಕಿದರೆ ಸ್ಟ್ರೀಮಿಂಗ್‌ನಲ್ಲಿ ನಿಮ್ಮ ಬ್ಯಾಂಡ್ ಎರಡು ಬ್ಯಾಂಡ್ ಆಗಿ ಒಡೆಯುತ್ತದೆ. ಐಎಸ್‌ಆರ್‌ಸಿ ಎಂಬ, ಪ್ರತಿ ರೆಕಾರ್ಡಿಂಗಿಗೂ ಒಂದೊಂದಿರುವ 12 ಅಕ್ಷರದ ಗುರುತಿನ ಸಂಖ್ಯೆಯನ್ನೂ ಟ್ಯಾಗಿನಲ್ಲಿ ತುಂಬಿ, ಡಿಸ್ಟ್ರಿಬ್ಯೂಟರ್ ಬದಲಿಸಿದಾಗಲೂ ಅದೇ ಸಂಖ್ಯೆ ಕೊಡಿ. ಹೊಸದು ಪಡೆದರೆ ಹಳೆಯ ಕೇಳಿಕೆಯ ಲೆಕ್ಕ ಕಳೆದುಹೋಗುವ ಅಪಾಯವಿದೆ. ಟ್ಯಾಗಿನೊಳಗಿನ ಮುಖಪುಟ ಚಿತ್ರ 600 ಪಿಕ್ಸೆಲ್ ಚೌಕ ಸಾಕು, ಡಿಸ್ಟ್ರಿಬ್ಯೂಟರ್‌ಗೆ 3,000.

ಪೈರಸಿ ತಾಣಗಳು ಮೊದಲು ಅಳಿಸುವುದು ಇದೇ ಟ್ಯಾಗನ್ನು. ಆಲ್ಬಮ್, ಕಾಮೆಂಟ್ ಜಾಗದಲ್ಲೆಲ್ಲ ತಮ್ಮ ತಾಣದ ಹೆಸರು ತುಂಬುತ್ತವೆ. ಆದ್ದರಿಂದ ವಿಳಾಸವನ್ನು ಇನ್ನೂ ಎರಡು ಕಡೆ ಕಟ್ಟುತ್ತೇವೆ. ಮುಖಪುಟ ಚಿತ್ರದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಮ್ಮೆ. ಉಚಿತ ಫೈಲಿನಲ್ಲಿ ಮಾತ್ರ, ಹಾಡು ಮುಗಿದು ಒಂದೂವರೆ ಸೆಕೆಂಡ್ ಮೌನವಾದ ಮೇಲೆ ಐದಾರು ಸೆಕೆಂಡ್ ಮಾತಿನಲ್ಲಿ ಇನ್ನೊಮ್ಮೆ: ಹಾಡಿನ ಹೆಸರು, ಬ್ಯಾಂಡಿನ ಹೆಸರು, ಹುಡುಕಬೇಕಾದ ಪದ. ಬ್ಯಾಂಡಿನ ಹಾಡುಗಾರರೇ ಅದನ್ನು ಹೇಳಬೇಕು, ಹಾಡಿನ ಶ್ರುತಿ ಹಿಂದೆ ಸಣ್ಣಗೆ ಇರಬೇಕು. ಹಾಡಿನ ಮೊದಲಲ್ಲಿ ಎಂದೂ ಹಾಕಬೇಡಿ, ಅಂಗಡಿಯವರು ಅಷ್ಟನ್ನೇ ಕತ್ತರಿಸಿ ಎಸೆಯುತ್ತಾರೆ. ಕೊನೆಯಲ್ಲಿದ್ದರೆ ಯಾರೂ ಮುಟ್ಟುವುದಿಲ್ಲ. ಇಷ್ಟು ಸಿದ್ಧವಾದ ಮೇಲೆ ಮೆಮೊರಿ ಕಾರ್ಡ್ ತುಂಬಿಸುವ ಅಂಗಡಿಗಳಿಗೆ, ಖಾಸಗಿ ಬಸ್ಸಿನ ಚಾಲಕರಿಗೆ ನಾವೇ ಪೆನ್‌ಡ್ರೈವ್‌ನಲ್ಲಿ ಕೊಟ್ಟು ಬರುವುದು ಒಳ್ಳೆಯದು. ಹೇಗಿದ್ದರೂ ಅಲ್ಲಿಗೆ ಹೋಗುವ ಹಾಡು ನಮ್ಮ ಕೈಯಿಂದಲೇ ಹೋಗಲಿ.

ಡೌನ್‌ಲೋಡ್ ಇಡಲು ನಾವು ಬಳಸುವುದು ಸಂಗೀತಗಾರರೇ ನೇರವಾಗಿ ಹಾಡು ಮಾರಬಲ್ಲ ತಾಣವಾದ ಬ್ಯಾಂಡ್‌ಕ್ಯಾಂಪ್. ಬೆಲೆಯನ್ನು ‘ಕೇಳುಗರೇ ನಿರ್ಧರಿಸಲಿ’ ಎಂದಿಟ್ಟು ಕನಿಷ್ಠ ಸೊನ್ನೆ ಮಾಡಿ, ಇಮೇಲ್ ಕಡ್ಡಾಯ ಎಂಬುದನ್ನು ಆನ್ ಮಾಡಿ. ತಿಂಗಳಿಗೆ ಇಂತಿಷ್ಟೇ ಉಚಿತ ಡೌನ್‌ಲೋಡ್ ಎಂಬ ಮಿತಿ ಇದೆ, ಬಿಡುಗಡೆಯ ವಾರ ದಿನಾ ಅದರ ಮೇಲೆ ಕಣ್ಣಿಡಿ. ಡಿಜಿಟಲ್ ಮಾರಾಟದಲ್ಲಿ ಅವರ ಪಾಲು 15 ಶೇಕಡ, ಜೊತೆಗೆ ಪಾವತಿ ಕಂಪನಿಯ ಶುಲ್ಕ. ಆ ಶುಲ್ಕದಲ್ಲಿ ಒಂದು ಭಾಗ ನಿಗದಿತ ಮೊತ್ತವಾದ್ದರಿಂದ ಒಂದು ಡಾಲರಿನ ಬಿಡಿ ಹಾಡು ಮಾರಿದರೆ ಕೈಗೆ ಬರುವುದು ಅಲ್ಪ. ಬಿಡಿ ಹಾಡನ್ನು ಉಚಿತ ಇಡಿ, ಇಲ್ಲವೇ ಪೂರ್ತಿ ಆಲ್ಬಮ್ಮನ್ನು ಐದು ಡಾಲರಿಗೆ ಇಡಿ.

ಇದನ್ನು ಕೊಳ್ಳುವವರಲ್ಲಿ ಅಮೆರಿಕ, ಯುರೋಪ್, ಕೊಲ್ಲಿಯ ಕನ್ನಡಿಗರೇ ಹೆಚ್ಚು. ಇಲ್ಲಿಯವರ ಬಹಳಷ್ಟು ಕಾರ್ಡುಗಳಲ್ಲಿ ವಿದೇಶಿ ಪಾವತಿ ಬಂದ್ ಆಗಿರುತ್ತದೆ. ಕೊಳ್ಳುವ ಮನಸ್ಸಿದ್ದವರೂ ‘ಪಾವತಿ ವಿಫಲ’ ನೋಡಿ ವಾಪಸು ಹೋಗುತ್ತಾರೆ. ಅವರಿಗಾಗಿ ಯುಪಿಐ: 200 ರೂಪಾಯಿ ಕಳಿಸಿ, ಪಾವತಿಯ ಚಿತ್ರ ವಾಟ್ಸ್ಆ್ಯಪ್ ಮಾಡಿದವರಿಗೆ ಬ್ಯಾಂಡ್‌ಕ್ಯಾಂಪ್‌ನ ಡೌನ್‌ಲೋಡ್ ಕೋಡ್ ಒಂದನ್ನು ನಾವೇ ಕಳಿಸುತ್ತೇವೆ. ಚಿತ್ರ ನಂಬಿ ಕಳಿಸಬೇಡಿ, ಬ್ಯಾಂಕಿನ ಸಂದೇಶ ನೋಡಿ ಕಳಿಸಿ. ವಾಟ್ಸ್ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರ ಮಿತಿ ಇದೆ. ನಮ್ಮ ಸಂಖ್ಯೆಯನ್ನು ಸೇವ್ ಮಾಡಿಕೊಳ್ಳದವರಿಗೆ ಸಂದೇಶ ತಲುಪುವುದೂ ಇಲ್ಲ. ಹಾಗಾಗಿ ‘ನಮ್ಮ ಸಂಖ್ಯೆ ಉಳಿಸಿಕೊಳ್ಳಿ’ ಎಂದು ಮೊದಲೇ ಕೇಳಿಕೊಳ್ಳಿ.

‘ದುಡ್ಡೇ ತೆಗೆದುಕೊಳ್ಳುತ್ತಿಲ್ಲವಲ್ಲ, ಅನುಮತಿ ಯಾಕೆ?’ ಎಂಬ ಮಾತು ಕನ್ನಡ ಬ್ಯಾಂಡುಗಳಲ್ಲಿ ಬಹಳ ಕೇಳುತ್ತೇನೆ. ಉಚಿತವಾಗಿ ಹಂಚುವುದೂ ಹಂಚುವುದೇ. ಕವಿ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ವಚನಗಳು, ದಾಸರ ಪದಗಳು, 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ಪದಗಳು ಎಲ್ಲರವು. ಡಿ.ವಿ.ಜಿ. ತೀರಿಕೊಂಡದ್ದು 1975, ಅವರ ಸಾಹಿತ್ಯಕ್ಕೆ 2035ರ ಕೊನೆಯವರೆಗೆ ಅನುಮತಿ ಬೇಕು. ಬೇಂದ್ರೆಯವರದಕ್ಕೆ 2041, ಕುವೆಂಪು ಅವರದಕ್ಕೆ 2054. ಸಾಹಿತ್ಯ ಹಳೆಯದಾದರೂ ಧಾಟಿ ಹೊಸದಿರಬಹುದು. ರೇಡಿಯೊದಲ್ಲಿ ಕೇಳಿ ಕಲಿತ ವಚನದ ರಾಗಸಂಯೋಜನೆ ಇಪ್ಪತ್ತನೇ ಶತಮಾನದ ಸಂಯೋಜಕರೊಬ್ಬರದಾಗಿದ್ದರೆ ಅವರ ಹಕ್ಕು ಬೇರೆ. ಸಿನಿಮಾ ಹಾಡಿನ ಕವರ್ ಅಂತೂ ಉಚಿತ ಪಟ್ಟಿಗೆ ಬೇಡವೇ ಬೇಡ.

ಬ್ಯಾಂಡಿನೊಳಗೂ ಯಾರಿಗೆಷ್ಟು ಪಾಲು ಎಂದು ಬಿಡುಗಡೆಗೆ ಮೊದಲೇ ಒಂದು ಹಾಳೆಯ ಮೇಲೆ ಬರೆದು ಎಲ್ಲರೂ ಸಹಿ ಹಾಕಿ. ಬಾಡಿಗೆ ವಾದಕರಿಂದಲೂ ಸಂಭಾವನೆಯ ರಸೀತಿಯಲ್ಲೇ ‘ಉಚಿತ ಹಂಚಿಕೆಗೆ ಒಪ್ಪಿಗೆ’ ಎಂಬ ಸಾಲು ಬರೆಸಿಕೊಳ್ಳಿ. ಐಪಿಆರ್‌ಎಸ್ (ಗೀತರಚನೆಕಾರರ, ಸಂಯೋಜಕರ ರಾಯಲ್ಟಿ ವಸೂಲು ಮಾಡುವ ಸಂಘ) ಸದಸ್ಯರು ಕ್ರಿಯೇಟಿವ್ ಕಾಮನ್ಸ್ (ಯಾರು ಬೇಕಾದರೂ ಷರತ್ತಿನ ಮೇಲೆ ಬಳಸಲು ಬಿಡುವ) ಪರವಾನಗಿ ಹಾಕುವ ಮೊದಲು ತಮ್ಮ ಒಪ್ಪಂದ ಓದಬೇಕು. ಸಂಘಕ್ಕೆ ಒಪ್ಪಿಸಿದ ಹಕ್ಕನ್ನು ಮತ್ತೆ ನಾವೇ ಹಂಚಲಾಗುವುದಿಲ್ಲ, ಆ ಪರವಾನಗಿಯನ್ನು ಒಮ್ಮೆ ಕೊಟ್ಟರೆ ಹಿಂದಕ್ಕೆ ಪಡೆಯಲೂ ಆಗುವುದಿಲ್ಲ. ನಾವು ಬರೆಯುವುದು ಎರಡೇ ಸಾಲು: ಕೇಳಿ, ಗೆಳೆಯರಿಗೂ ಕಳಿಸಿ, ಮಾರಲು ಅಥವಾ ಜಾಹೀರಾತಿಗೆ ಬಳಸಲು ನಮ್ಮನ್ನು ಕೇಳಿ.

ಕದ್ದು ಹಾಕಿದವರ ಬೆನ್ನು ಹತ್ತುವುದಕ್ಕೆ ಹಕ್ಕುಸ್ವಾಮ್ಯ ಕಾಯ್ದೆಯ 52(1)(ಸಿ) ಇದೆ. ಲಿಖಿತ ದೂರು ಕೊಟ್ಟರೆ ತಾಣದವರು 36 ಗಂಟೆಯೊಳಗೆ ಕೊಂಡಿ ತೆಗೆಯಬೇಕು, ಆದರೆ 21 ದಿನದೊಳಗೆ ನಾವು ನ್ಯಾಯಾಲಯದ ಆದೇಶ ತರದಿದ್ದರೆ ಅವರು ಮತ್ತೆ ತೆರೆಯಬಹುದು. ಸಣ್ಣ ಬ್ಯಾಂಡಿಗೆ ಅಷ್ಟು ಓಡಾಟ ಕಷ್ಟ. ಬಿಡುಗಡೆಗೆ ಮೊದಲೇ ಸೋರಿದ್ದರೆ, ಅಥವಾ ನಮ್ಮ ಹಾಡನ್ನು ತಮ್ಮದೆಂದು ಹಾಕಿದ್ದರೆ ಮಾತ್ರ ದೂರು ಕೊಡುತ್ತೇವೆ. ಮಿಕ್ಕ ಸಮಯ ಅಭ್ಯಾಸಕ್ಕೆ.

ಕಾರ್ಯಕ್ರಮದ ಮೇಜಿನ ಮೇಲೆ ಏನು ಮಾರಬೇಕು? ಟೀ ಶರ್ಟ್‌ನಲ್ಲಿ ಬಂಡವಾಳ ಸಿಕ್ಕಿಬೀಳುತ್ತದೆ. 50 ಮಾಡಿಸಿದರೆ ಎಸ್ 6, ಎಂ 16, ಎಲ್ 16, ಎಕ್ಸ್‌ಎಲ್ 9, ಡಬಲ್ ಎಕ್ಸ್‌ಎಲ್ 3 ಎಂದು ಹಂಚಿದರೂ ಕೊನೆಗೆ ಯಾವುದೋ ಒಂದು ಅಳತೆ ಮನೆಯಲ್ಲಿ ಉಳಿಯುತ್ತದೆ. ಅದಕ್ಕಿಂತ ನನಗೆ ಪ್ರಿಯವಾದದ್ದು ಸಾಹಿತ್ಯದ ಪುಸ್ತಿಕೆ. ಕನ್ನಡ ಕೇಳುಗರು ಪದ ಓದುವವರು. ಡೌನ್‌ಲೋಡ್ ಅದನ್ನು ಕೊಡುವುದಿಲ್ಲ. ಎ5 ಅಳತೆ, ನಡುವೆ ಪಿನ್ ಹೊಡೆಯುವುದರಿಂದ ಪುಟ ನಾಲ್ಕರ ಗುಣಕದಲ್ಲೇ ಇರಬೇಕು, 16 ಪುಟ ಸಾಕು. ಮೊದಲು 100 ಪ್ರತಿ ಡಿಜಿಟಲ್ ಮುದ್ರಣ. ಸುತ್ತ 3 ಮಿಲಿಮೀಟರ್ ಕತ್ತರಿಸುವ ಅಂಚು ಬಿಡಿ.

ಎಡವುವುದು ಅಕ್ಷರದಲ್ಲಿ. ನಾವು ಯೂನಿಕೋಡ್‌ನಲ್ಲಿ ಕೊಟ್ಟದ್ದನ್ನು ಪ್ರೆಸ್‌ನವರು ಹಳೆಯ ಪುಟವಿನ್ಯಾಸ ತಂತ್ರಾಂಶದಲ್ಲಿ ತೆರೆದರೆ ಒತ್ತಕ್ಷರ ಕಳಚಿ ‘ಅಕ್ಕ’ ಎಂಬುದು ‘ಅಕ್‌ಕ’ ಆಗಿ ಬರುತ್ತದೆ. ಅಕ್ಷರಗಳನ್ನೆಲ್ಲ ಔಟ್‌ಲೈನ್ (ಫಾಂಟ್ ಬೇಡದ ರೇಖಾಚಿತ್ರ) ಮಾಡಿದ ಪಿಡಿಎಫ್ ಕೊಡಿ, ಒಂದು ಪ್ರತಿ ತೆಗೆಸಿ ಪ್ರತಿ ಸಾಲನ್ನೂ ಹಾಡಿಕೊಂಡು ಓದಿ, ಆಮೇಲೆ ಉಳಿದದ್ದಕ್ಕೆ ಹೂಂ ಅನ್ನಿ. ಕೊನೆಯ ಪುಟದಲ್ಲಿ ಡೌನ್‌ಲೋಡ್ ಕೋಡ್‌ನ ಚೀಟಿ ಅಂಟಿಸುತ್ತೇವೆ, ಪಕ್ಕದಲ್ಲಿ ಕ್ಯೂಆರ್. ಎರಡು ಸೆಂಟಿಮೀಟರಿಗಿಂತ ಚಿಕ್ಕದಾದರೆ ಮಂದ ಬೆಳಕಿನಲ್ಲಿ ಫೋನು ಹಿಡಿಯುವುದಿಲ್ಲ, ಹೊಳಪಿನ ಲ್ಯಾಮಿನೇಶನ್ ಇದ್ದರೆ ಇನ್ನೂ ಕಷ್ಟ. ನೆಲಮಾಳಿಗೆಯ ಸಭಾಂಗಣದಲ್ಲಿ ನೆಟ್‌ವರ್ಕ್ ಸಿಗದು, ಯುಪಿಐ ನಿಂತುಹೋಗುತ್ತದೆ. ಚಿಲ್ಲರೆಗೆ ಐವತ್ತು, ನೂರರ ನೋಟು ಮೊದಲೇ ಇಟ್ಟುಕೊಳ್ಳಿ. ಹೆಸರು, ಸಂಖ್ಯೆ ಬರೆಸಿಕೊಳ್ಳಲು ಒಂದು ನೋಟ್‌ಬುಕ್ ಮತ್ತು ದಾರ ಕಟ್ಟಿದ ಪೆನ್ನೂ ಮೇಜಿನ ಮೇಲಿರಲಿ.