ಬಾಲ ಓದದೆ ಬಸ್ ಹತ್ತಿದವನು

ಅಂಕೋಲಾದಲ್ಲಿ ಒಂದು ಸಲ ಬಸ್ಸಿನ ಗಾಜಿಗೆ ಕಾಗದ ಅಂಟಿಸಿದ್ದರು: ‘ಗೋಕರ್ಣಕ್ಕೆ ಹೋಗುವುದಿಲ್ಲ’. ನಾನು ‘ಗೋಕ’ ನೋಡಿದೆ, ‘ಹೋಗು’ ನೋಡಿದೆ, ಹತ್ತಿ ಕೂತೆ. ಟಿಕೆಟ್ ಕೇಳಿದಾಗ ಕಂಡಕ್ಟರ್, ‘ಬೋರ್ಡ್ ಓದೂಕೆ ಬರೋದಿಲ್ವಾ?’ ಅಂದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಮಾದನಗೇರಿ ಕ್ರಾಸಿನಲ್ಲಿ ಇಳಿದೆ. ಮನೆಗೆ ಬಂದು ‘ನಿದ್ದೆ ಬಂದಿತ್ತು’ ಅಂತ ಸುಳ್ಳು ಹೇಳಿದೆ. ಆಗ ನನಗೆ 36 ವರ್ಷ.

ನಾನು ಕಾರವಾರದ ಕೋಡಿಬಾಗದಲ್ಲಿ ಮೋಟರ್ ರಿವೈಂಡಿಂಗ್ ಮಾಡುತ್ತೇನೆ. ಸುಟ್ಟ ಮೋಟರ್ ಬಿಚ್ಚಿ ನೋಡಿದರೆ ಸಾಕು, ಸುತ್ತು ಹೇಗಿತ್ತು ಅಂತ ಚಿತ್ರ ಬಿಡಿಸಿಕೊಳ್ಳುತ್ತೇನೆ. ಆದರೆ ಜೊತೆಗೆ ಬರುವ ಕಾಗದ ಓದು ಅಂದರೆ ಬೆವರು. ಶಾಲೆಯಲ್ಲಿ ಎಲ್ಲರ ಬಳಿಯೂ ಒಂದೇ ಉತ್ತರ ಇತ್ತು: ‘ಮನೆಯಲ್ಲಿ ಕೊಂಕಣಿ, ಅದಕ್ಕೇ ಕನ್ನಡ ಬರೋದಿಲ್ಲ.’ ನನ್ನ ತಂಗಿಯೂ ಅದೇ ಮನೆಯವಳು. ಅವಳು ಸರಸರ ಓದುತ್ತಿದ್ದಳು. ಅದನ್ನು ಯಾರೂ ಕೇಳಲಿಲ್ಲ. ನನಗೆ ಮಾತ್ರ ಒಂದು ಪಾಠ ಹತ್ತು ಸಲ ಕಾಪಿ ಬರೆಯುವ ಶಿಕ್ಷೆ. ಅಕ್ಷರ ದುಂಡಗಾಯಿತು, ಓದು ಬರಲಿಲ್ಲ.

ಮಗಳು ಮೂರನೇ ಕ್ಲಾಸಿಗೆ ಬಂದಾಗ ಅವಳದ್ದೂ ಅದೇ ಕತೆ. ಪರೀಕ್ಷೆ ಮಾಡಿಸಿದೆವು. ಡಿಸ್ಲೆಕ್ಸಿಯಾ ಅಂದರು. ಕಣ್ಣಿನ ತೊಂದರೆ ಅಲ್ಲ, ದಡ್ಡತನವೂ ಅಲ್ಲ, ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವ ಕೆಲಸ ನಿಧಾನ, ಅಷ್ಟೇ. ಮನೆತನದಲ್ಲಿ ಬರುವುದೂ ಉಂಟಂತೆ. ಅವಳಿಗೆ ಕಲಿಸುತ್ತಿದ್ದ ಟೀಚರ್ ಅಷ್ಟು ಹೇಳಿ ನನ್ನನ್ನೇ ನೋಡುತ್ತಾ, ‘ನಿಮಗೆ ಹೇಗೆ?’ ಅಂದರು. ಹಾಗೆ ಅಪ್ಪ ಮಗಳು ಒಟ್ಟಿಗೆ ಕೂತೆವು.

ಮೊದಲ ಕೆಲಸ, ನನ್ನ ತಪ್ಪು ಯಾವುದು ಅಂತ ಹಿಡಿಯುವುದು. ಒಂದು ಪುಟ ಜೋರಾಗಿ ಓದಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದೆ. ಟೀಚರ್ ಕೇಳಿ ಗುರುತು ಹಾಕಿದರು. ಮ–ಯ, ಪ–ಷ ಗೊಂದಲ ಇದ್ದೇ ಇತ್ತು, ಆದರೆ ಕಡಿಮೆ. ಜಾಸ್ತಿ ಇದ್ದದ್ದು ಎರಡು. ಒಂದು, ಮೊದಲೆರಡು ಅಕ್ಷರ ನೋಡಿ ಉಳಿದದ್ದನ್ನು ಊಹಿಸುವುದು. ‘ಮನಸ್ಸಿಗೆ’ ಇದ್ದರೆ ‘ಮನೆಗೆ’ ಅಂತಿದ್ದೆ. ಕನ್ನಡದಲ್ಲಿ ಅರ್ಥವೆಲ್ಲ ಬಾಲದಲ್ಲೇ ಇರುತ್ತದೆ, ಅಲ್ವಾ? ಹೋಗುವುದು, ಹೋಗುವುದಿಲ್ಲ. ಬಸ್ಸಿನಲ್ಲಿ ಆದದ್ದು ಅದೇ.

ಇನ್ನೊಂದು ಒತ್ತಕ್ಷರ. ‘ಶಕ್ತಿ’ ಅನ್ನುವುದನ್ನು ಒಮ್ಮೆ ಸರಿಯಾಗಿ ನೋಡಿ. ಕಣ್ಣಿಗೆ ಕಾಣುವುದು ‘ಕಿ’, ಅದರ ಕೆಳಗೆ ‘ತ’. ನಾನು ‘ಶಕಿತ’ ಅಂತಿದ್ದೆ. ಗುಡಿಸು ಕೂತಿರುವುದು ಮೇಲಿನ ಅಕ್ಷರದ ಮೇಲೆ, ಅದರ ಸದ್ದು ಬರುವುದು ಕೆಳಗಿನ ಅಕ್ಷರ ಆದಮೇಲೆ! ‘ಗೋಕರ್ಣ’ದ ಅರ್ಕಾವೊತ್ತು ಇನ್ನೂ ತರಲೆ. ಬಾಯಲ್ಲಿ ‘ರ್’ ಮೊದಲು, ಕಾಗದದಲ್ಲಿ ‘ಣ’ ಆದಮೇಲೆ. 49 ಅಕ್ಷರ ಕಲಿತರೆ ಮುಗಿಯಿತು ಅನ್ನುವ ಹಾಗಿಲ್ಲ, ಗುಣಿತ, ಒತ್ತು ಸೇರಿ ನೂರಾರು ರೂಪ. ತೊಂದರೆ ಇಲ್ಲದ ಮಕ್ಕಳಿಗೂ ಇವೆಲ್ಲ ಪಳಗಲು ನಾಲ್ಕನೇ ಕ್ಲಾಸಾದರೂ ಆಗಬೇಕು ಅಂತ ಮಕ್ಕಳ ಕನ್ನಡ ಓದಿನ ಬಗ್ಗೆ ಅಧ್ಯಯನ ಮಾಡಿದ ಸೊನಾಲಿ ನಾಗ್ ಅವರ ಸಂಶೋಧನೆಯಲ್ಲಿ ಕಂಡಿದೆ ಅಂತ ಟೀಚರ್ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಸಂಜೆ ಟ್ಯಾಗೋರ್ ಬೀಚಿಗೆ ಹೋಗುತ್ತಿದ್ದೆವು. ಅಲೆ ಹಿಂದೆ ಸರಿದ ಜಾಗದಲ್ಲಿ ಮರಳು ಹಸಿಯಾಗಿ ಗಟ್ಟಿ ಇರುತ್ತದೆ, ಬೆರಳಿಗೆ ಚೆನ್ನಾಗಿ ಸಿಗುತ್ತದೆ. ಮೊಳದುದ್ದದ ‘ಕ’ ಬರೆಯುವುದು, ‘ಕ್’ ಅನ್ನುವುದು. ಕೆಳಗೆ ಒತ್ತು ಎಳೆಯುತ್ತಾ ‘ತ್’. ಕೊನೆಗೆ ಗುಡಿಸು, ‘ಇ’. ಕೈ, ಬಾಯಿ, ಕಿವಿ ಒಟ್ಟಿಗೆ ಓಡಬೇಕು, ಬಾಯಿ ಮುಚ್ಚಿ ಬರೆದರೆ ಅದು ಮತ್ತೆ ಕಾಪಿಯೇ. ದಿನಕ್ಕೆ ಮೂರೇ ಅಕ್ಷರ. ಗುರುತಿನವರು ಯಾರಾದರೂ ಬಂದರೆ ನಾನು ಮಗಳಿಗೆ ಕಲಿಸುವವನ ಹಾಗೆ ನಟಿಸುತ್ತಿದ್ದೆ. ಮಳೆಗಾಲದಲ್ಲಿ ಮನೆಯಲ್ಲೇ ತಾಟಿಗೆ ಅಕ್ಕಿ ಹರಡಿಕೊಂಡು ಬರೆದೆವು.

ಪುಸ್ತಕದಲ್ಲಿ ಅರ್ಕಾವೊತ್ತು ಕಂಡಲ್ಲೆಲ್ಲ ಪೆನ್ಸಿಲಿನಿಂದ ಹಿಂದಕ್ಕೆ ಒಂದು ಬಾಣ. ವೈರಿಂಗ್ ಮಾಡುವವನಿಗೆ ಬಾಣ ಚೆನ್ನಾಗಿ ಅರ್ಥ ಆಗುತ್ತದೆ. ಉದ್ದದ ಪದಕ್ಕೆ ಗೆರೆ: ಮಾಡಿ/ಕೊಳ್ಳ/ಬೇಕಾಗಿ/ರುವುದ/ರಿಂದ. ಒಂದು ರಟ್ಟಿನ ಚೂರು ಇಟ್ಟು ತುಂಡು ತುಂಡಾಗಿ ಸರಿಸುತ್ತಾ ಓದುವುದು, ಆಮೇಲೆ ಇಡೀ ಪದ ಒಮ್ಮೆ. ಆರು ತಿಂಗಳಾದ ಮೇಲೆ ಗೆರೆ ಕಡಿಮೆ ಮಾಡಿದೆ.

ಮೊದಲು ಹಟಕ್ಕೆ ಬಿದ್ದು ದಿನಾ ಒಂದು ತಾಸು ಪೇಪರ್ ಓದಿದ್ದೆ. ತಲೆನೋವು ಬಂತು, ಊಹೆ ಮಾಡುವ ಚಾಳಿ ಇನ್ನೂ ಗಟ್ಟಿಯಾಯಿತು. ಈಗ 15 ನಿಮಿಷ ಮಾತ್ರ. ಒಂದೇ ಪ್ಯಾರಾ ನಾಲ್ಕು ದಿನ. ಮೊದಲ ದಿನ ಮೊಬೈಲ್ ನಿಧಾನಕ್ಕೆ ಓದಿ ಹೇಳುತ್ತದೆ, ನಾನು ಬೆರಳಿಟ್ಟು ಹಿಂದೆ ಹೋಗುತ್ತೇನೆ. ಉಳಿದ ಮೂರು ದಿನ ನಾನೇ. ಎರಡನೇ ದಿನ ಮೂರು ನಿಮಿಷ ಹಿಡಿದದ್ದು ನಾಲ್ಕನೇ ದಿನ ಒಂದೂವರೆಗೆ ಇಳಿಯುತ್ತದೆ. ಅಕ್ಷರ ದೊಡ್ಡದು ಮಾಡಿ, ಸಾಲುಗಳ ನಡುವೆ ಜಾಗ ಜಾಸ್ತಿ ಇಟ್ಟರೆ ನನಗೆ ಹಗುರ. ಬಣ್ಣದ ಪ್ಲಾಸ್ಟಿಕ್ ಹಾಳೆಗಳಿಗೆ ಸುಮ್ನೆ ದುಡ್ಡು ಹಾಕಿದೆ, ಏನೂ ಆಗಲಿಲ್ಲ. ‘ಐನ್‌ಸ್ಟೈನ್‌ಗೂ ಇತ್ತಂತೆ’ ಅಂತ ಹೇಳುವವರು ಬಹಳ. ಅದರಿಂದ ನನ್ನ ‘ಶಕ್ತಿ’ ಸರಿ ಆಗಲಿಲ್ಲ.

ಮಗಳ ವಿಷಯದಲ್ಲಿ ನಾನು ಸುಳ್ಳು ಹೇಳುತ್ತಾ ಕೂರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳಬಹುದು. ಆ ಅರ್ಜಿಯನ್ನು ನಾನೇ ಓದಿ ತುಂಬಿದೆ. ಎರಡು ಸಂಜೆ ಹಿಡಿಯಿತು.

ಈಗಲೂ ನಾನು ನಿಧಾನವೇ. ದಣಿದ ದಿನ ಒತ್ತುಗಳು ಮತ್ತೆ ಕೈ ಕೊಡುತ್ತವೆ. ಮೊನ್ನೆ ಪಂಪಿನ ವಾರಂಟಿ ಕಾಗದ ಗಿರಾಕಿಗೆ ಓದಿ ಹೇಳುತ್ತಿದ್ದೆ. ‘ಮೋಟರ್ ಸುಟ್ಟರೆ ಬದಲಿಸಿ ಕೊಡಲಾಗುವುದು’ ಅಂದೆ. ಅವರ ಮುಖ ಅರಳಿತು. ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ ಹೇಳಿದಳು, ‘ಪಪ್ಪಾ, ಬಾಲ!’

ರಟ್ಟು ಇಟ್ಟು ಮತ್ತೆ ಓದಿದೆ. ಕೊಡ/ಲಾಗು/ವು/ದಿಲ್ಲ.