ದೀಪದ ಅರಮನೆ ಮುಂದೆ ರಾತ್ರಿ ಪೋರ್ಟ್ರೇಟ್: ಫ್ಲ್ಯಾಶ್ ಹೊಂದಿಸುವ ಬಗೆ

ಮೈಸೂರು ಅರಮನೆಯ ದೀಪಗಳ ಮುಂದೆ ತೆಗೆದ ಫೋಟೋಗಳು ಹೆಚ್ಚಾಗಿ ಎರಡು ರೀತಿ ಕೆಡುತ್ತವೆ. ಅರಮನೆ ಝಗಮಗ, ಮುಂದೆ ನಿಂತವರ ಮುಖ ಕಪ್ಪು. ಇಲ್ಲವೇ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಹಿಂದೆ ಬರೀ ಕತ್ತಲೆ. ಮುಖಕ್ಕೂ ಹಿನ್ನೆಲೆಗೂ ಒಂದೇ ಲೆಕ್ಕ ಹಿಡಿದರೆ ಹೀಗೇ ಆಗುವುದು. ಕಡಿಮೆ ಪವರ್‌ನಲ್ಲಿ ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಬೇಗ ಹೊಳೆದು ಮುಗಿಯುತ್ತದೆ. ಆದ್ದರಿಂದ ಶಟರ್ ತೆರೆದಿರುವ ಹೊತ್ತು 1/125 ಸೆಕೆಂಡ್ ಇರಲಿ, 1/30 ಇರಲಿ, ಮುಖಕ್ಕೆ ಬೀಳುವ ಫ್ಲ್ಯಾಶ್ ಬೆಳಕು ಅಷ್ಟೇ. ಶಟರ್ ಹಿನ್ನೆಲೆಯನ್ನು ಮಾತ್ರ ಏರಿಸಿ ಇಳಿಸುತ್ತದೆ. ಅಪರ್ಚರ್ (ಲೆನ್ಸಿನ ಕಿಂಡಿಯ ಅಗಲ), ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಮುಖ, ಹಿನ್ನೆಲೆ ಎರಡನ್ನೂ ಬದಲಿಸುತ್ತವೆ.

ಈ ಗುಣ ಇಲ್ಲಿ ತುಂಬಾ ಉಪಯೋಗಕ್ಕೆ ಬರುತ್ತದೆ. ಭಾನುವಾರ, ಸರ್ಕಾರಿ ರಜೆಗಳ ಸಂಜೆ ಹೊತ್ತುವ ಸುಮಾರು ಒಂದು ಲಕ್ಷ ಬಲ್ಬುಗಳು ಹೆಚ್ಚು ಹೊತ್ತು ಉರಿಯುವುದಿಲ್ಲ. ದೀಪ ಹೊತ್ತುವ ಮೊದಲೇ, ಕತ್ತಲಲ್ಲೇ ಮುಖದ ಬೆಳಕು ಹೊಂದಿಸಿಕೊಳ್ಳಿ. ಕ್ಯಾಮೆರಾ ಮ್ಯಾನ್ಯುಯಲ್ ಮೋಡ್‌ನಲ್ಲಿರಲಿ: ಐಎಸ್ಒ 800, ಎಫ್/2.8, ಶಟರ್ 1/60. ಫ್ಲ್ಯಾಶ್ ಕೂಡ ಮ್ಯಾನ್ಯುಯಲ್‌ನಲ್ಲೇ, 1/64 ಪವರ್. ಅದನ್ನು ಬಿಳಿ ಛತ್ರಿಯ ಹಿಂದಿಟ್ಟು, ಮುಖದಿಂದ ಒಂದೂವರೆ ಮೀಟರ್ ದೂರದಲ್ಲಿ, ಪಕ್ಕಕ್ಕೆ 45 ಡಿಗ್ರಿಯಲ್ಲಿ, ತಲೆಗಿಂತ ಒಂದಡಿ ಎತ್ತರಕ್ಕೆ ಹಿಡಿಸಿ. ಜನಸಂದಣಿಯಲ್ಲಿ ಸ್ಟ್ಯಾಂಡ್ ನೆಡುವುದಕ್ಕಿಂತ ಒಬ್ಬರ ಕೈಗೆ ಕೊಡುವುದೇ ಕ್ಷೇಮ. ಛತ್ರಿಗೆ ಸಣ್ಣ ಗಾಳಿ ಬಂದರೂ ಸ್ಟ್ಯಾಂಡ್ ಮಗುಚುತ್ತದೆ.

ಮುಖ ಹೆಚ್ಚು ಬೆಳ್ಳಗಾದರೆ ಪವರ್ 1/128ಕ್ಕೆ ಇಳಿಸಿ. ಅದಕ್ಕಿಂತ ಕೆಳಗೆ ಇಳಿಯದ ಫ್ಲ್ಯಾಶ್ ಆದರೆ ಎರಡು ಮೀಟರ್‌ಗೆ ಹಿಂದೆ ಸರಿಸಿ, ಹತ್ತಿರ ಹತ್ತಿರ ಒಂದು ಸ್ಟಾಪ್ ಬೆಳಕು ಇಳಿಯುತ್ತದೆ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ). ದೀಪ ಹೊತ್ತಿದ ಮೇಲೆ ಶಟರ್ ಒಂದನ್ನೇ ತಿರುಗಿಸಿ: ಅರಮನೆ ಮಂಕಾಗಿದ್ದರೆ 1/30, ಬಲ್ಬುಗಳ ಸಾಲು ಬಿಳಿ ಪಟ್ಟಿಯಂತೆ ಕೂಡಿಕೊಂಡರೆ 1/125. ಮುಖವನ್ನು ಮತ್ತೆ ಮುಟ್ಟಬೇಕಿಲ್ಲ. ಅರಮನೆಯನ್ನು ಕ್ಯಾಮೆರಾದ ಬೆಳಕಿನ ಮೀಟರ್ ಹೇಳುವುದಕ್ಕಿಂತ ಒಂದು ಸ್ಟಾಪ್ ಕಡಿಮೆ ಇಟ್ಟರೆ ಗೋಪುರದ ಒಂದೊಂದು ಬಲ್ಬೂ ಬಿಡಿಬಿಡಿಯಾಗಿ ಕಾಣುತ್ತದೆ.

ಬಣ್ಣದ ವಿಷಯದಲ್ಲಿ ಅಸಡ್ಡೆ ಬೇಡ, ರಾತ್ರಿ ಚಿತ್ರ ಕೆಡುವುದು ಹೆಚ್ಚಾಗಿ ಇಲ್ಲೇ. ಫ್ಲ್ಯಾಶ್ ಬೆಳಕು ಸುಮಾರು 5500 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ), ಮಧ್ಯಾಹ್ನದ ಬಿಸಿಲಿನ ಬಿಳುಪು. ಬಲ್ಬಿನ ಬೆಳಕು 3000 ಕೆಲ್ವಿನ್‌ನ ಆಸುಪಾಸು. ಕ್ಯಾಮೆರಾದ ಬಣ್ಣದ ಲೆಕ್ಕವನ್ನು (ವೈಟ್ ಬ್ಯಾಲೆನ್ಸ್) ಮುಖಕ್ಕೆ ಸರಿಹೊಂದಿಸಿದರೆ ಅರಮನೆ ಕಿತ್ತಳೆಯಾಗುತ್ತದೆ, ಅರಮನೆಗೆ ಹೊಂದಿಸಿದರೆ ಮುಖ ನೀಲಿಗಟ್ಟುತ್ತದೆ. ಫ್ಲ್ಯಾಶ್ ಬಾಯಿಗೆ ಹಾಫ್ ಸಿಟಿಒ ಎಂಬ ಕಿತ್ತಳೆ ಜೆಲ್ ಹಾಳೆ ಅಂಟಿಸಿ, ವೈಟ್ ಬ್ಯಾಲೆನ್ಸ್ 3800 ಕೆಲ್ವಿನ್‌ಗೆ ಇಡಿ. ಮೈಬಣ್ಣ ಸಹಜವಾಗಿರುತ್ತದೆ, ದೀಪಗಳಲ್ಲಿ ತುಸು ಚಿನ್ನದ ಛಾಯೆ ಉಳಿಯುತ್ತದೆ. ಫುಲ್ ಸಿಟಿಒ ಹಾಕಿ 3200ಕ್ಕೆ ಇಟ್ಟರೆ ಆ ಚಿನ್ನವೇ ಹೋಗಿಬಿಡುತ್ತದೆ, ಹಾಗಾಗಿ ಹಾಫ್ ಸಾಕು. ಜೆಲ್ ಸುಮಾರು ಅರ್ಧ ಸ್ಟಾಪ್ ನುಂಗುವುದರಿಂದ ಅದನ್ನು ಮೊದಲೇ ಹಾಕಿಕೊಂಡು ಪವರ್ ಹೊಂದಿಸಿ.

ರೇಷ್ಮೆ ಸೀರೆಯ ಜರಿ ಅಂಚು ಬೆಳಕನ್ನು ಕನ್ನಡಿಯಂತೆ ತಿರುಗಿಸಿ ಹೊಡೆಯುತ್ತದೆ. ಛತ್ರಿಯನ್ನು ಸ್ವಲ್ಪ ಮೇಲಕ್ಕೆ ವಾಲಿಸಿ. ಬೆಳಕಿನ ನಡುಭಾಗ ಮುಖದಿಂದ ಮೇಲಕ್ಕೆ ಹೋಗಿ, ಸೆರಗಿಗೆ ಮಂದವಾದ ಅಂಚು ಮಾತ್ರ ಬೀಳುತ್ತದೆ. ಕನ್ನಡಕದಲ್ಲಿ ಛತ್ರಿಯ ಬಿಂಬ ಕಂಡರೆ ಫ್ಲ್ಯಾಶನ್ನು ಇನ್ನಷ್ಟು ಎತ್ತರಿಸಿ.

ಫ್ಲ್ಯಾಶ್ ಮೇಲೆ ಕೂರಿಸುವ ಬಿಳಿ ಪ್ಲಾಸ್ಟಿಕ್ ಡಬ್ಬಿ ಬಯಲಿನಲ್ಲಿ ದಂಡ. ಗೋಡೆ, ಸೂರುಗಳಿಂದ ಬೆಳಕು ಮರಳಿ ಬಂದಾಗಲೇ ಅದರ ಪ್ರಯೋಜನ. ಇಲ್ಲಿ ಬೆಳಕೆಲ್ಲ ಆಕಾಶದ ಪಾಲಾಗುತ್ತದೆ, ಬ್ಯಾಟರಿ ಖಾಲಿಯಾಗುತ್ತದೆ.

ಮುಖದ ಅಂಚಿನಲ್ಲಿ ಎರಡೆರಡು ಗೆರೆ ಕಂಡರೆ ಬೀದಿದೀಪದ ಬೆಳಕೂ ಅವರ ಮೇಲೆ ಬೀಳುತ್ತಿದೆ ಎಂದರ್ಥ. ಫ್ಲ್ಯಾಶ್ ಅವರನ್ನು ಹಿಡಿದಿಟ್ಟ ಮೇಲೂ ಶಟರ್ ತೆರೆದೇ ಇದ್ದು, ಅಲುಗಾಟವನ್ನೂ ಬರೆದುಕೊಂಡಿದೆ. ನೆರಳಿರುವ ಕಡೆ ಎರಡು ಹೆಜ್ಜೆ ಸರಿಸಿ ನಿಲ್ಲಿಸಿ. ಚಿತ್ರದ ಒಂದು ಬದಿಗೆ ಕಪ್ಪು ಪಟ್ಟಿ ಬಂದರೆ ಶಟರ್ ಕ್ಯಾಮೆರಾದ ಸಿಂಕ್ ಮಿತಿ (ಫ್ಲ್ಯಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್) ದಾಟಿದೆ. ಬಹುತೇಕ ಕ್ಯಾಮೆರಾಗಳಲ್ಲಿ ಅದು 1/200 ಅಥವಾ 1/250. ಫೋಕಸ್ ಹುಡುಕಾಡುತ್ತಿದ್ದರೆ ಮೊಬೈಲ್ ಟಾರ್ಚ್ ಮುಖಕ್ಕೆ ಹಿಡಿದು, ಫೋಕಸ್ ಕೂತ ಮೇಲೆ ಆರಿಸಿ ಕ್ಲಿಕ್ಕಿಸಿ.

ಕ್ಯಾಮೆರಾದ ಪರದೆಯನ್ನು ನಂಬಬೇಡಿ. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅದು ಪ್ರಖರವಾಗಿ ಕಾಣುತ್ತದೆ, ಮನೆಗೆ ಬಂದು ನೋಡಿದರೆ ಚಿತ್ರ ಮಂಕು. ಪರದೆಯ ಬೆಳಕು ತಗ್ಗಿಸಿ, ಹಿಸ್ಟೋಗ್ರಾಮ್ (ಚಿತ್ರದ ಕಪ್ಪು-ಬಿಳುಪಿನ ಹಂಚಿಕೆ ತೋರಿಸುವ ನಕ್ಷೆ) ನೋಡಿ ತೀರ್ಮಾನಿಸಿ.

ಎಎ ಸೆಲ್ ಹಾಕುವ ಫ್ಲ್ಯಾಶ್ ಆದರೆ ರೀಚಾರ್ಜ್ ಆಗುವ ನಿಕಲ್ ಸೆಲ್‌ಗಳನ್ನೇ ಬಳಸಿ. ಮಾಮೂಲಿ ಆಲ್ಕಲೈನ್ ಸೆಲ್‌ಗಳು ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರವು. ಎರಡು ಹೊಳಪಿನ ನಡುವೆ ಕಾಯುವ ಹೊತ್ತು ಬೆಳೆಯುತ್ತಾ ಹೋಗುತ್ತದೆ. ಹಳತು ಹೊಸತು ಬೆರೆಸದೆ ನಾಲ್ಕನ್ನೂ ಒಟ್ಟಿಗೆ ಚಾರ್ಜ್ ಮಾಡಿ, ಇನ್ನೊಂದು ನಾಲ್ಕರ ಜೊತೆ ಜೇಬಿನಲ್ಲಿರಲಿ.